ಬೀಗದ ಕೈ ಕೊಟ್ಟ ಮೇಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆಯ ಮನೆ ಬಿಟ್ಟು ನೋಡು ಎಂಬ ಮೂರನೆಯ ಮಾತನ್ನು ಸೇರಿಸಲು ಅವರು ಮರೆತರೇನೋ ಎಂದು ನನಗೆ ಅನ್ನಿಸಿದ್ದು 2023ರ ಬೇಸಗೆಯಲ್ಲಿ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ವರ್ಗವಾಗಿತ್ತು. ಸಾಮಾನನ್ನೆಲ್ಲ ಲಾರಿಗೆ ಹೇರಿಸಿ, ದೇವರ ಪಟಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನಾಕೆ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ನಾಲ್ಕು ವರ್ಷ ನಮ್ಮನ್ನು ಸಾಕಿದ ಮನೆಯ ಬೀಗದ ಕೈಯನ್ನು ಮಾಲೀಕರ ಅಂಗೈಯಲ್ಲಿಟ್ಟು, ನಾನು ಸಂಕೋಚದಿಂದಲೇ ಅಡ್ವಾನ್ಸಿನ ಮಾತೆತ್ತಿದೆ.

"ಅದಕ್ಕೇನು ಮೇಷ್ಟ್ರೇ, ನಿಮ್ಮ ದುಡ್ಡು ಎಲ್ಲಿಗೆ ಹೋಗುತ್ತೆ? ಒಂದು ವಾರ ಬಿಟ್ಟು ಫೋನ್ ಮಾಡಿ" ಎಂದರು ಅವರು.

ಬಾಡಿಗೆ ತಿಂಗಳಿಗೆ ಆರು ಸಾವಿರ. ಕೊಟ್ಟಿದ್ದ ಮುಂಗಡ ಅರವತ್ತು ಸಾವಿರ. ಆ ಹಣಕ್ಕೆ ನಮ್ಮಲ್ಲಿ ದಾರಿ ಕಾಯುತ್ತಿದ್ದ ಖರ್ಚು ಸಿದ್ಧವಾಗಿತ್ತು. ಮಗಳನ್ನು ಕಾಲೇಜಿಗೆ ಸೇರಿಸಬೇಕಾಗಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು. ಕಡೆಗೆ ಹಣದ ಬದಲು ಒಂದು ಪಟ್ಟಿ ಬಂತು. ಸುಣ್ಣ-ಬಣ್ಣಕ್ಕೆ 24,000, ನೆಲಕ್ಕೆ ಪಾಲಿಷ್ 9,000, ಮುಂಚಿತವಾಗಿ ತಿಳಿಸದೆ ಮನೆ ಬಿಟ್ಟುದಕ್ಕೆ ಒಂದು ತಿಂಗಳ ಬಾಡಿಗೆ 6,000, ಕೊನೆಯ ವಿದ್ಯುತ್ತು, ನೀರಿನ ಬಾಬ್ತು 1,400, ಒಡೆದ ಕಿಟಕಿಯ ಗಾಜು 800. ಒಟ್ಟು 41,200 ರೂಪಾಯಿ ಕಳೆದು, ಉಳಿದ 18,800 ರೂಪಾಯಿಯನ್ನು "ಅನುಕೂಲವಾದಾಗ" ಕೊಡುವುದಾಗಿ ಅಪ್ಪಣೆಯಾಗಿತ್ತು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯ ಅರ್ಥ ನನಗೆ ಅಂದು ಮನದಟ್ಟಾಯಿತು. ಆದರೆ ಕಾನೂನಿನ ದೃಷ್ಟಿಯಲ್ಲಿ ಕೋಡಂಗಿ ಕೋಡಂಗಿಯಾಗಿಯೇ ಉಳಿಯಬೇಕಾಗಿಲ್ಲ ಎಂಬುದೂ ಆಮೇಲೆ ತಿಳಿಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ವರ್ಗವಾಗಿ ಓಡಾಡುವ ಶಿಕ್ಷಕರು, ಬ್ಯಾಂಕಿನವರು, ಆಸ್ಪತ್ರೆಯ ದಾದಿಯರು, ಮಕ್ಕಳ ಓದಿಗೆಂದು ಹಾಸನದಲ್ಲಿ ಮನೆ ಮಾಡುವ ತಂದೆತಾಯಿಗಳು, ಇವರೆಲ್ಲರಿಗೂ ಉಪಯೋಗವಾದೀತೆಂದು ಆ ತಿಳಿವಳಿಕೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಯಾವ ಕಾನೂನು ನಮ್ಮದು?

"ರೆಂಟ್ ಕಂಟ್ರೋಲ್" ಎಂಬ ಹೆಸರನ್ನು ನಮ್ಮ ತಂದೆಯವರ ಕಾಲದವರೆಲ್ಲ ಬಲ್ಲರು. ಮೈಸೂರು ಸಂಸ್ಥಾನದಲ್ಲಿ 1951ರ ಕಾಯಿದೆಯೊಂದು, ಅನಂತರ ವಿಶಾಲ ಮೈಸೂರಿನಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಂದುವು. ಮನೆ ಖಾಲಿಯಾದರೆ ಮಾಲೀಕನು ಅಧಿಕಾರಿಗೆ ತಿಳಿಸಬೇಕು, ಅಧಿಕಾರಿಯು ಅದನ್ನು ಅಗತ್ಯವುಳ್ಳವರಿಗೆ ಹಂಚಬಹುದು ಎಂಬಷ್ಟು ಬಿಗಿಯಾದ ದಿನಗಳವು. ಆ ಕಾಯಿದೆ ಈಗಿಲ್ಲ. ಅದರ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಅದರ ನೆರಳು ಎಲ್ಲ ಮನೆಗಳ ಮೇಲೂ ಬೀಳುವುದಿಲ್ಲ. ಕಾಯಿದೆಯ ಪಟ್ಟಿಯಲ್ಲಿರುವ ಕೆಲವು ದೊಡ್ಡ ಪ್ರದೇಶಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಯನ್ನೂ, ಉಳಿದ ಕಡೆಗಳಲ್ಲಿ 2,000 ರೂಪಾಯಿಯನ್ನೂ ಮೀರಿದರೆ ಆ ಮನೆ ಕಾಯಿದೆಯ ಹೊರಗೆ. ಇಂದಿನ ಬಾಡಿಗೆಗಳನ್ನು ನೋಡಿದರೆ, ಮಧ್ಯಮವರ್ಗದವರು ವಾಸಿಸುವ ಬಹುತೇಕ ಮನೆಗಳು ಹೊರಗೇ ಉಳಿದಂತಾಯಿತು.

ಹಾಗೆಂದು ಅವು ಕಾನೂನಿಲ್ಲದ ಮನೆಗಳೆಂದು ತಿಳಿಯಬಾರದು. ಅವುಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ, 1872ರ ಕರಾರು ಕಾಯಿದೆ, ಮತ್ತು ನೀವು ರುಜು ಹಾಕಿದ ಕರಾರು ಪತ್ರ. ಇವುಗಳಲ್ಲಿ ಮೂರನೆಯದನ್ನು ಓದದೆ ರುಜು ಹಾಕುವವರೇ ಹೆಚ್ಚು. ನಾನೂ ಅವರಲ್ಲೊಬ್ಬ. ಮಾಲೀಕರ ಪಟ್ಟಿ ಬಂದ ರಾತ್ರಿ, ನಾಲ್ಕು ವರ್ಷದ ಹಿಂದಿನ ಆ ಛಾಪಾ ಕಾಗದವನ್ನು ಟ್ರಂಕಿನ ತಳದಿಂದ ತೆಗೆದು ಮೊಟ್ಟಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ.

ಸವಕಳಿ ಬೇರೆ, ಹಾನಿ ಬೇರೆ

ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮು ಬಾಡಿಗೆದಾರನ ಪಾಲಿಗೆ ಬಹಳ ಮುಖ್ಯವಾದುದು. ಮನೆಯನ್ನು ತಾನು ಪಡೆದಾಗ ಹೇಗಿತ್ತೋ ಹಾಗೆಯೇ ಒಪ್ಪಿಸುವುದು ಅವನ ಕರ್ತವ್ಯ ಎನ್ನುತ್ತದೆ ಅದು. ಅದೇ ಉಸಿರಿನಲ್ಲಿ, ಸಹಜ ಬಳಕೆಯಿಂದ ಆಗುವ ಸವಕಳಿಯನ್ನೂ, ತಡೆಯಲಾಗದ ಶಕ್ತಿಗಳಿಂದಾದ ಬದಲಾವಣೆಯನ್ನೂ ಬಿಟ್ಟು ಎಂದೂ ಹೇಳುತ್ತದೆ. ನಾಲ್ಕು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು, ಅಡಿಗೆಮನೆಯ ಮೂಲೆ ಹೊಗೆ ಹಿಡಿಯುವುದು, ಬಾಗಿಲ ಬಳಿಯ ನೆಲ ತಿಕ್ಕಾಡಿ ಹೊಳಪು ಕಳೆದುಕೊಳ್ಳುವುದು, ಇವೆಲ್ಲ ಸವಕಳಿ. ತಿಂಗಳು ತಿಂಗಳು ಕೊಟ್ಟ ಬಾಡಿಗೆಯೇ ಅದರ ಬೆಲೆ. ಒಡೆದ ಗಾಜು, ಕಿತ್ತುಹೋದ ನಲ್ಲಿ, ಮಕ್ಕಳು ಬಳಪದಿಂದ ಚಿತ್ರಮಂದಿರ ಮಾಡಿದ ಗೋಡೆ, ಇವು ಹಾನಿ. ಇದನ್ನು ಬಾಡಿಗೆದಾರನು ತುಂಬಿಕೊಡಬೇಕು.

ಒಂದು ಎಚ್ಚರಿಕೆ ಅವಶ್ಯ. "ಮನೆ ಬಿಡುವಾಗ ಸುಣ್ಣ-ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳತಕ್ಕದ್ದು" ಎಂಬ ಸಾಲು ಕರಾರಿನಲ್ಲಿದ್ದರೆ, ಅದು ನಾವು ಒಪ್ಪಿ ಬರೆದುಕೊಟ್ಟ ಮಾತು. ಆಮೇಲೆ ಸವಕಳಿಯ ವಾದ ಹೂಡಿದರೆ ನಡೆಯುವುದು ಕಷ್ಟ. ನನ್ನ ಕಾಗದದಲ್ಲಿ ಅಂಥ ಸಾಲು ಇರಲಿಲ್ಲ. ಆದರೆ ನಡುಮನೆಯ ಒಂದು ಗೋಡೆಯ ಮೇಲೆ ಚಿಕ್ಕ ಮಗ ಬರೆದ ರೈಲುಗಾಡಿಯೊಂದು ಉದ್ದಕ್ಕೂ ಓಡುತ್ತಿತ್ತು ಎಂಬುದನ್ನು ನಾನು ಒಪ್ಪಲೇಬೇಕು.

ಇನ್ನು ಮುಂಚಿತವಾಗಿ ತಿಳಿಸುವ ವಿಷಯ. ತಿಂಗಳು ತಿಂಗಳ ಬಾಡಿಗೆಯ ವಾಸದ ಮನೆಯನ್ನು ಬಿಡಲು ಅಥವಾ ಬಿಡಿಸಲು 106ನೇ ಕಲಮು ಹೇಳುವುದು 15 ದಿನಗಳ ನೋಟೀಸು. ಅದು ಕೈಸೇರಿದ ದಿನದಿಂದ ಲೆಕ್ಕ. ಆದರೆ ಕರಾರಿನಲ್ಲಿ ಒಂದು ತಿಂಗಳೋ ಎರಡು ತಿಂಗಳೋ ಎಂದು ಬರೆದಿದ್ದರೆ ಕರಾರಿನ ಮಾತೇ ನಡೆಯುತ್ತದೆ. ನಮ್ಮದರಲ್ಲಿ ಒಂದು ತಿಂಗಳೆಂದಿತ್ತು. ನಾನು ವರ್ಗದ ಆದೇಶ ಬಂದ ದಿನವೇ ಮಾಲೀಕರ ಮನೆಗೆ ಹೋಗಿ ಹೇಳಿ, ಕಾಫಿ ಕುಡಿದು ಬಂದಿದ್ದೆ. ಕಾಫಿಗೆ ಸಾಕ್ಷಿಯಿಲ್ಲ. ಪುಣ್ಯಕ್ಕೆ ಅದೇ ಸಂಜೆ, ಮನೆ ಬಿಡುವ ತಾರೀಖನ್ನು ನನ್ನಾಕೆ ಮಾಲೀಕರ ಮನೆಯವರಿಗೆ ವಾಟ್ಸಾಪಿನಲ್ಲಿ ಬರೆದಿದ್ದಳು. "ಆಗಲಿ ಕಣಮ್ಮ, ಬೇಜಾರಾಯ್ತು" ಎಂಬ ಉತ್ತರವೂ ಬಂದಿತ್ತು. ಆರು ಸಾವಿರ ರೂಪಾಯಿಯನ್ನು ಉಳಿಸಿದ್ದು ಆ ಒಂದು ಸಾಲು. ಇಂಥ ಸಂದೇಶಗಳೂ ಭಾವಚಿತ್ರಗಳೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಲ್ಲವು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅವುಗಳ ಜೊತೆಗೆ ಪ್ರಮಾಣಪತ್ರವೊಂದನ್ನು ಹಾಜರುಪಡಿಸಬೇಕಾಗುತ್ತದೆ. ಆದಕಾರಣ ಫೋನ್ ಬದಲಾಯಿಸುವಾಗ ಹಳೆಯ ಸಂದೇಶಗಳನ್ನು ಅಳಿಸಿಬಿಡಬೇಡಿ.

ಬಿಡುವ ಮುನ್ನವೇ ಮಾಡಬೇಕಾದುದು

ಮನೆ ಬಿಟ್ಟ ಮೇಲಿನ ಜಗಳದ ತೀರ್ಮಾನ ಬಹುಮಟ್ಟಿಗೆ ಮನೆ ಬಿಡುವ ದಿನವೇ ಆಗಿಹೋಗಿರುತ್ತದೆ. ಆ ದಿನ ಸಾಮಾನು ಹೇರುವ ಗಡಿಬಿಡಿಯಲ್ಲಿ ಅರ್ಧ ಗಂಟೆಯನ್ನು ಉಳಿಸಿಕೊಳ್ಳಿ. ಖಾಲಿ ಕೋಣೆಗಳ ಚಿತ್ರಗಳನ್ನು ಬೆಳಕಿರುವಾಗಲೇ ತೆಗೆಯಿರಿ. ಮಾಲೀಕರನ್ನು ಕರೆದು ಒಟ್ಟಿಗೆ ನೋಡಿ, "ಈ ದಿನ ಮನೆಯ ಸ್ವಾಧೀನವನ್ನೂ ಬೀಗದ ಕೈಗಳನ್ನೂ ಪಡೆದೆ, ಮುಂಗಡದ ಹಣ ಇಷ್ಟು ನನ್ನಲ್ಲಿದೆ" ಎಂಬ ಎರಡು ಸಾಲಿಗೆ ರುಜು ಪಡೆಯಿರಿ. ಈ ಎರಡು ಸಾಲು ಇಲ್ಲದಿದ್ದರೆ, ಮನೆಯನ್ನು ಒಪ್ಪಿಸಿಯೇ ಇಲ್ಲ, ಬಾಡಿಗೆ ಇನ್ನೂ ನಡೆಯುತ್ತಿದೆ ಎಂಬ ವಾದಕ್ಕೆ ಬಾಗಿಲು ತೆರೆದಂತೆ.

ನೀವು ಕೂಡಿಸಿದ ವಸ್ತುಗಳ ವಿಷಯವೂ ಉಂಟು. ಅರಕಲಗೂಡಿನಲ್ಲಿ ನಮ್ಮ ಬಂಧುಗಳೊಬ್ಬರು ಹಿತ್ತಿಲಲ್ಲಿ ಸ್ವಂತ ಖರ್ಚಿನಿಂದ ತಗಡಿನ ಚಪ್ಪರ ಹಾಕಿಸಿಕೊಂಡಿದ್ದರು. ಮನೆ ಬಿಟ್ಟು ಎರಡು ವಾರದ ಮೇಲೆ ಬಿಚ್ಚಿಕೊಂಡು ಹೋಗಲು ಬಂದರೆ, ಮಾಲೀಕರು ಒಳಗೆ ಬಿಡಲಿಲ್ಲ. ಕಾನೂನು ಮಾಲೀಕರ ಕಡೆಗೇ ಇತ್ತು. ನೆಲಕ್ಕೆ ಜೋಡಿಸಿದ ವಸ್ತುಗಳನ್ನು ಬಾಡಿಗೆದಾರನು ತೆಗೆದುಕೊಂಡು ಹೋಗಬಹುದು. ಆದರೆ ಮನೆ ತನ್ನ ಸ್ವಾಧೀನದಲ್ಲಿರುವ ತನಕ ಮಾತ್ರ, ಆಮೇಲಲ್ಲ. ತೆಗೆದ ಜಾಗವನ್ನು ಮೊದಲಿನಂತೆ ಮಾಡಿಕೊಡಬೇಕು ಎಂಬುದು ಅದೇ 108ನೇ ಕಲಮಿನ ಮಾತು. ಚಪ್ಪರ ಇಂದಿಗೂ ಅಲ್ಲೇ ಇದೆ.

ವಿದ್ಯುತ್ತಿನ ಮೀಟರಿನ ಅಂಕಿಯನ್ನು ಚಿತ್ರ ತೆಗೆದಿಡಿ. ಹಾಸನ ಜಿಲ್ಲೆಗೆ ವಿದ್ಯುತ್ತು ಸರಬರಾಜು ಮಾಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಬಿಲ್ಲು ಮನೆಯ ಆರ್.ಆರ್. ಸಂಖ್ಯೆಯ ಮೇಲೆ ಬರುತ್ತದೆಯೇ ಹೊರತು ನಿಮ್ಮ ಹೆಸರನ್ನು ಹುಡುಕಿಕೊಂಡು ಬರುವುದಿಲ್ಲ. ಬಾಕಿ ಉಳಿದರೆ ಅದು ಮಾಲೀಕರ ತಲೆಗೆ ಬರುವುದರಿಂದ, ಅಷ್ಟನ್ನು ಅವರು ಮುಂಗಡದಲ್ಲಿ ಮುರಿದುಕೊಳ್ಳುವುದು ನ್ಯಾಯವೇ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ಬಾಡಿಗೆ ಮನೆಯ ಸಂಖ್ಯೆಯನ್ನು ನಿಮ್ಮ ಆಧಾರಿಗೆ ಜೋಡಿಸಿದ್ದರೆ, ಸೇವಾಸಿಂಧುವಿನಲ್ಲಿ ಆ ಜೋಡಣೆಯನ್ನು ಬಿಡಿಸಿಕೊಂಡು ಹೊಸ ಮನೆಗೆ ಸೇರಿಸಿಕೊಳ್ಳಿ. ಮುಂದಿನ ಬಾಡಿಗೆದಾರನಿಗೂ ಉಪಕಾರ ಮಾಡಿದಂತಾಗುತ್ತದೆ.

"ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಹಿಡಿದುಕೊಳ್ಳಿ" ಎಂದು ಸುಮ್ಮನಾಗುವುದು ಕೆಲವರ ಉಪಾಯ. ಮಾಲೀಕರು ಬರಹದಲ್ಲಿ ಒಪ್ಪಿದರೆ ಸರಿ. ಒಪ್ಪದಿದ್ದರೆ ಅದು ಬಾಕಿ ಬಾಡಿಗೆಯೇ ಆಗುತ್ತದೆ. ನ್ಯಾಯ ಕೇಳುವವನ ಕೈಯೇ ಮೊದಲು ಕೊಳೆಯಾಗುತ್ತದೆ.

ಭೋಗ್ಯದ ಮನೆ

ಹೊಳೆನರಸೀಪುರದಲ್ಲಾಗಲಿ ಹಾಸನದಲ್ಲಾಗಲಿ ತಿಂಗಳ ಬಾಡಿಗೆಯಿಲ್ಲದೆ, ಒಟ್ಟಿಗೆ ಕೆಲವು ಲಕ್ಷಗಳನ್ನು ಕೊಟ್ಟು ಮನೆಯನ್ನು ಭೋಗ್ಯಕ್ಕೆ ಹಿಡಿಯುವವರುಂಟು. ಅವಧಿ ಮುಗಿದಾಗ ಹಣ ಹಿಂದಿರುಗಿಸಬೇಕು, ಮನೆ ಬಿಡಬೇಕು. ಬಾಯಿಮಾತಿಗೆ ಇದು ಸುಲಭ. ಆದರೆ ಒಂದು ಸಂಸಾರದ ಇಡೀ ಉಳಿತಾಯ ಅಲ್ಲಿರುತ್ತದೆ. ಕಾನೂನಿನಂತೆ ಸ್ವಾಧೀನಸಹಿತ ಅಡಮಾನವನ್ನು ಬರೆಸಿಕೊಂಡವನು ತನ್ನ ಹಣ ಬರುವವರೆಗೆ ಮನೆಯ ಸ್ವಾಧೀನವನ್ನು ಇಟ್ಟುಕೊಳ್ಳಬಲ್ಲ. ಆದರೆ ಆ ಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಹನ್ನೊಂದು ತಿಂಗಳೆಂದು ಬರೆದ, ನೋಂದಣಿಯಾಗದ "ಲೀಸ್ ಅಗ್ರಿಮೆಂಟ್" ಆ ರಕ್ಷಣೆಯನ್ನು ಕೊಡುವುದಿಲ್ಲ. ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೂ ಅಡವಿಟ್ಟಿದ್ದರೆ, 2002ರ ಸರ್ಫೇಸಿ ಕಾಯಿದೆಯ ಮೇರೆಗೆ ಬ್ಯಾಂಕಿನವರು ಒಂದು ದಿನ ಬಾಗಿಲಿಗೆ ಚೀಟಿ ಅಂಟಿಸಬಹುದು. ಆದುದರಿಂದ ಹಣ ಕೊಡುವ ಮುನ್ನ ಋಣಭಾರ ಪತ್ರವನ್ನು ತೆಗೆಸಿ ನೋಡುವುದು ಮಗಳಿಗೆ ಗಂಡು ನೋಡುವಷ್ಟೇ ಅವಶ್ಯ.

ಹಣ ಬಾರದೆಂದು ಸಾಮಾನ್ಯ ಬಾಡಿಗೆಯ ಮನೆಯಲ್ಲಿ ಅವಧಿ ಮೀರಿ ಕುಳಿತುಬಿಡುವುದು ಅಪಾಯದ ದಾರಿ. ಕುಳಿತಷ್ಟು ದಿನಕ್ಕೆ ಪರಿಹಾರ ಕೊಡಬೇಕೆಂದು ಮಾಲೀಕರು ಕೇಳಿದರೆ, ಬರಬೇಕಾದ ಹಣ ಅದರಲ್ಲೇ ಕರಗಿಹೋದೀತು. ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಬೀಗದ ಕೈ ಎಂಬ ಏರ್ಪಾಡನ್ನು ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳುವುದು ಲೇಸು.

"ಹನ್ನೊಂದು ತಿಂಗಳಿಗೆ ಮುಂಚೆ ಬಿಟ್ಟರೆ ಮುಂಗಡ ಪೂರ್ತಿ ಮುಟ್ಟುಗೋಲು" ಎಂದು ಬರೆದಿದ್ದರೆ? ಅಲ್ಲಿಯೂ ಎದೆಗುಂದಬೇಕಾಗಿಲ್ಲ. ಕರಾರು ಕಾಯಿದೆಯ 74ನೇ ಕಲಮಿನಂತೆ, ಕರಾರು ಮುರಿದವನಿಂದ ಪಡೆಯಬಹುದಾದುದು ಕರಾರಿನಲ್ಲಿ ಹೆಸರಿಸಿದ ಮೊತ್ತವನ್ನು ಮೀರದ, ನ್ಯಾಯೋಚಿತವಾದ ಪರಿಹಾರ ಮಾತ್ರ.

ಪತ್ರದ ಬಲ

ನಮ್ಮ ಕಥೆಗೆ ಬರೋಣ. ಮಾಲೀಕರ ಮೇಲೆ ಪೋಲೀಸಿಗೆ ದೂರು ಕೊಡಿ ಎಂದರು ಕೆಲವರು. ಹಣದ ಬಾಕಿ ಸಿವಿಲ್ ವ್ಯಾಜ್ಯ. ವಸೂಲಿ ಪೋಲೀಸರ ಕೆಲಸವಲ್ಲ. ಗ್ರಾಹಕರ ಆಯೋಗಕ್ಕೆ ಹೋಗಿ ಎಂದರು ಇನ್ನು ಕೆಲವರು. ಮನೆಯನ್ನು ಬಾಡಿಗೆಗೆ ಕೊಡುವುದು ಗ್ರಾಹಕ ಕಾನೂನಿನ ಅರ್ಥದಲ್ಲಿ "ಸೇವೆ"ಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಉಳಿದದ್ದು ಪತ್ರ.

ಯಾರನ್ನೂ ನಿಂದಿಸದೆ ಒಂದು ಪುಟದ ಪತ್ರ ಬರೆದೆ. ಮನೆಗೆ ಬಂದ ದಿನ, ಬಿಟ್ಟ ದಿನ, ಕೊಟ್ಟ ಮುಂಗಡ, ಪಟ್ಟಿಯಲ್ಲಿ ನಾನು ಒಪ್ಪುವ ಬಾಬ್ತುಗಳು, ಒಪ್ಪದ ಬಾಬ್ತುಗಳು ಮತ್ತು ಕಾರಣ. 15 ದಿನದೊಳಗೆ ಕೊಡದಿದ್ದರೆ ಬಡ್ಡಿಯನ್ನೂ ಕೇಳುವೆನೆಂಬ ಒಂದು ವಾಕ್ಯ. ಈ ಕೊನೆಯ ವಾಕ್ಯ ಅಲಂಕಾರಕ್ಕಲ್ಲ. ಕರಾರಿನಲ್ಲಿ ಬಡ್ಡಿಯ ಮಾತಾಗಲಿ ಹಣ ಹಿಂದಿರುಗಿಸುವ ಗಡುವಾಗಲಿ ಇಲ್ಲದಿದ್ದಾಗ, ಹೀಗೆ ಬರಹದಲ್ಲಿ ಕೇಳಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರವನ್ನು 1978ರ ಬಡ್ಡಿ ಕಾಯಿದೆ ನ್ಯಾಯಾಲಯಕ್ಕೆ ಕೊಟ್ಟಿದೆ. ಪತ್ರವನ್ನು ಸ್ವೀಕೃತಿ ಚೀಟಿಯೊಡನೆ ರಿಜಿಸ್ಟರ್ ಮಾಡಿಸಿದೆ. 2025ರಲ್ಲಿ ಅಂಚೆ ಇಲಾಖೆಯು ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಡನೆ ವಿಲೀನಗೊಳಿಸಿದ್ದರಿಂದ, ಈಗ ಅದೇ ಕೆಲಸವನ್ನು ಸ್ಪೀಡ್ ಪೋಸ್ಟಿನಲ್ಲಿ ಮಾಡಿಸಬೇಕು.

ಕಾಲಮಿತಿಯನ್ನು ಮರೆಯಬಾರದು. 1963ರ ಕಾಲಮಿತಿ ಕಾಯಿದೆಯಂತೆ ಇಂಥ ಹಣದ ದಾವೆಗೆ ಮೂರು ವರ್ಷ. ಮನೆ ಬಿಟ್ಟ ದಿನದಿಂದಲೇ ಎಣಿಸಿಕೊಳ್ಳುವುದು ಸುರಕ್ಷಿತ. ಆ ಅವಧಿಯೊಳಗೆ ಮಾಲೀಕರು ಬಾಕಿಯನ್ನು ಬರಹದಲ್ಲಿ ಒಪ್ಪಿ ರುಜು ಹಾಕಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. "ನಾಳೆ, ನಾಳಿದ್ದು" ಎಂಬ ಬಾಯಿಮಾತಿನಿಂದ ಆಗುವುದಿಲ್ಲ.

ಇನ್ನೊಂದು ತೊಡಕು ನಮ್ಮಂಥ ವರ್ಗದ ನೌಕರರಿಗೆ. ದಾವೆಯನ್ನು ಮಾಲೀಕರು ವಾಸವಾಗಿರುವ ಅಥವಾ ವ್ಯವಹಾರ ನಡೆದ ಊರಿನಲ್ಲಿ ಹೂಡಬೇಕೇ ಹೊರತು ನಾವು ಹೊಸದಾಗಿ ಹೋಗಿ ನೆಲೆಸಿದ ಊರಿನಲ್ಲಲ್ಲ. ಹಾಸನದಲ್ಲಿ ಕುಳಿತ ನಾನು ಚನ್ನರಾಯಪಟ್ಟಣದ ನ್ಯಾಯಾಲಯಕ್ಕೇ ಹೋಗಬೇಕಾಗಿತ್ತು. ಪ್ರತಿಯೊಂದು ವಾಯಿದೆಗೂ ಒಂದು ದಿನದ ರಜೆ.

ರಾಜಿಯ ಮೇಜು

ಆಗ ವಕೀಲ ಮಿತ್ರರೊಬ್ಬರು ತೋರಿಸಿದ ದಾರಿ ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಜಿಲ್ಲೆಗೊಂದು ಪ್ರಾಧಿಕಾರ, ತಾಲೂಕಿಗೊಂದು ಸಮಿತಿ. ತಾಲೂಕಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ದಾವೆ ಹೂಡುವ ಮುನ್ನವೇ ಅಲ್ಲಿ ಅರ್ಜಿ ಕೊಟ್ಟು ರಾಜಿಗೆ ಕರೆಸಬಹುದು; ನ್ಯಾಯಾಲಯದ ಶುಲ್ಕವಿಲ್ಲ. ಹೆಂಗಸರಿಗೂ, ಪರಿಶಿಷ್ಟ ಜಾತಿ-ಪಂಗಡದವರಿಗೂ, ಅಂಗವಿಕಲರಿಗೂ, ಕಡಮೆ ಆದಾಯದವರಿಗೂ ಉಚಿತವಾಗಿ ವಕೀಲರೂ ದೊರೆಯುತ್ತಾರೆ. ಇಬ್ಬರೂ ಒಪ್ಪಿದರೆ ಮಾತ್ರ ಲೋಕ ಅದಾಲತ್ತಿನ ತೀರ್ಮಾನ. ಒಪ್ಪಿದ ಮೇಲೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ.

ಮೇಜಿನ ಆಚೆ ಕುಳಿತ ನಮ್ಮ ಮಾಲೀಕರು ನಾನೆಣಿಸಿದಷ್ಟು ದರ್ಪದಿಂದಿರಲಿಲ್ಲ. ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ನಮ್ಮ ಮುಂಗಡ ಅಲ್ಲಿ ಖರ್ಚಾಗಿಹೋಗಿತ್ತು. ಇಲ್ಲವೆನ್ನಲು ನಾಚಿ ಪಟ್ಟಿ ಬರೆದಿದ್ದರು. "ಕೈಯಲ್ಲಿ ಇದ್ದಿದ್ರೆ ಯಾಕೆ ಕೊಡ್ತಿರಲಿಲ್ಲ ಮೇಷ್ಟ್ರೇ" ಎಂದು ಅವರು ತಲೆ ತಗ್ಗಿಸಿದಾಗ, "ಆಗಲಿ ಕಣಮ್ಮ" ಎಂದು ಬರೆದ ಆ ತಾಯಿಯ ಮುಖ ಕಣ್ಣಮುಂದೆ ಬಂತು. ಆದರೂ ನನ್ನ ಮಗಳ ಶುಲ್ಕಕ್ಕೆ ನಾನು ಸಾಲ ಮಾಡಿದ್ದೆ ಎಂಬುದನ್ನೂ ಹೇಳಿದೆ. ಎರಡೂ ನಿಜ. ಮುಂಗಡವೆಂಬುದು ಮಾಲೀಕನ ಕೈಯಲ್ಲಿರುವ ಬಾಡಿಗೆದಾರನ ಹಣ. ಅದನ್ನು ಸ್ವಂತ ಆದಾಯವೆಂದು ಖರ್ಚು ಮಾಡಿಕೊಂಡಲ್ಲಿಯೇ ಮುಕ್ಕಾಲು ಜಗಳಗಳ ಬೇರಿದೆ.

ವಿದ್ಯುತ್ತು-ನೀರಿನ 1,400, ಗಾಜಿನ 800, ಮಗನ ರೈಲುಗಾಡಿಗೆ 3,000, ಒಟ್ಟು 5,200 ರೂಪಾಯಿಯನ್ನು ನಾನು ಬಿಟ್ಟುಕೊಟ್ಟೆ. ಪಾಲಿಷ್, ನೋಟೀಸು, ಉಳಿದ ಬಣ್ಣದ ಬಾಬ್ತನ್ನು ಅವರು ಬಿಟ್ಟರು. ಮಿಕ್ಕ 54,800 ರೂಪಾಯಿಯನ್ನು ತಿಂಗಳಿಗೆ 13,700ರಂತೆ ನಾಲ್ಕು ಕಂತುಗಳಲ್ಲಿ ಕೊಡುವುದೆಂದು ಬರೆದು ಇಬ್ಬರೂ ರುಜು ಹಾಕಿದೆವು. ನಾನು ಬಡ್ಡಿ ಕೇಳಲಿಲ್ಲ. ಕಂತುಗಳು ತಪ್ಪಲಿಲ್ಲ.

ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ಮನೆಯನ್ನು ವಶಕ್ಕೆ ಪಡೆದ ದಿನವೇ ನ್ಯಾಯವಾದ ಕಳೆತಗಳನ್ನು ಕಳೆದು ಅದನ್ನು ಹಿಂದಿರುಗಿಸಬೇಕು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯವು ತನ್ನ ಶಾಸನವಾಗಿ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಆದರೆ ಹೊಸ ಕರಾರು ಬರೆಯುವಾಗ ಅದೇ ಎರಡು ಮಾತನ್ನು ಸೇರಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಹಾಸನದ ಹೊಸ ಮನೆಯ ಕಾಗದಕ್ಕೆ ರುಜು ಹಾಕುವ ಮುನ್ನ ನಾನು ಮೂರು ಸಲ ಓದಿದೆ. ಹೊಸ ಮಾಲೀಕರು ನಕ್ಕು, "ಏನು ಮೇಷ್ಟ್ರೇ, ಉತ್ತರಪತ್ರಿಕೆ ತಿದ್ದುತ್ತಿದ್ದೀರಾ?" ಎಂದರು. ಹೌದೆಂದೆ. ಒಳಗೆ ನನ್ನಾಕೆ ಖಾಲಿ ಗೋಡೆಗಳ ಚಿತ್ರ ತೆಗೆಯುತ್ತಿದ್ದಳು. ಚಿಕ್ಕವನ ಕೈಯಿಂದ ಬಳಪದ ಡಬ್ಬಿಯನ್ನು ಆಗಲೇ ಕಸಿದುಕೊಂಡಾಗಿತ್ತು.